ಲಾಹಿಂಚ್‌ನ ಮೇಕೆ, ನಮ್ಮೂರ ಗೋಮಾಳ

ಊರು ಬಿಟ್ಟು ಬಂದು ಸಂಬಳ ಎಣಿಸುತ್ತಿರುವ ನಾವು ಇಪ್ಪತ್ತಾರು ಜನ ಸೇರಿ ಊರಿನ ಗೋಮಾಳವನ್ನು 'ಡೆವಲಪ್' ಮಾಡೋಕೆ ಹೊರಟಿದ್ದೇವೆ. ಸರಿಯಾಗಿ ಹೇಳಬೇಕಂದ್ರೆ ಇಪ್ಪತ್ತೈದು ಜನ ಹೊರಟಿದ್ದಾರೆ, ನಾನೊಬ್ಬ ಅಡ್ಡಗಾಲು ಹಾಕ್ತಿದ್ದೇನೆ. ಹರಿಹರ ತಾಲ್ಲೂಕಿನ ಒಂದು ಊರು ಅಂತಿಟ್ಟುಕೊಳ್ಳಿ, ಹೆಸರು ಬೇಡ. ನಿಮ್ಮೂರೂ ಆಗಬಹುದು. ಯಾಕಂದ್ರೆ ಈ ಪ್ಲ್ಯಾನು ಈಗ ಎಲ್ಲ ಊರಿನ ಹುಡುಗರ ವಾಟ್ಸಾಪ್ ಗುಂಪಲ್ಲೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. 11 ಎಕರೆಗೆ ಸುತ್ತ ಚೈನ್‌ಲಿಂಕ್ ಬೇಲಿ. ಒಂದೇ ಗೇಟು. ಗೇಟಿನ ಪಕ್ಕ ದಾನಿಗಳ ಹೆಸರು ಕೆತ್ತಿದ ಗ್ರಾನೈಟ್ ಕಲ್ಲು. ಒಳಗೆ ಇಂಟರ್‌ಲಾಕ್ ಹಾಸಿದ ವಾಕಿಂಗ್ ಟ್ರ್ಯಾಕು, ಎರಡು ಎಕರೆ ಲಾನ್, ಮೂಲೆಯಲ್ಲಿ ಮಕ್ಕಳಿಗೆ 'ಮಿನಿ ಗಾಲ್ಫ್'. ಮೊದಲ ಕಂತು ತಲಾ 25 ಸಾವಿರ. ದಾವಣಗೆರೆಯ ಕಂಟ್ರಾಕ್ಟರ್ ಒಬ್ಬರು ಬೆಣ್ಣೆ ದೋಸೆ ಹೋಟೆಲಲ್ಲಿ ಕೂರಿಸಿಕೊಂಡು ಕೊಟೇಶನ್ನೂ ಕೊಟ್ಟಾಯ್ತು. ದೋಸೆ ಬಿಲ್ಲೂ ಅವರೇ ಕೊಟ್ಟರು, ಅಲ್ಲಿಗೇ ನನಗೆ ಅನುಮಾನ ಬಂದಿದ್ದು.

ಕೊಟೇಶನ್ ಬಂದ ರಾತ್ರಿಯೇ ಡಬ್ಲಿನ್‌ನಲ್ಲಿ ಕೆಲಸ ಮಾಡೋ ನಮ್ಮೂರ ಗೆಳೆಯ ಗುಂಪಿಗೆ ಒಂದು ಫೋಟೊ ಹಾಕಿದ. ಹಸಿರು ದಿಬ್ಬಗಳು, ಆಚೆಗೆ ಅಟ್ಲಾಂಟಿಕ್ ಸಮುದ್ರ, ಗಾಳಿಗೆ ಬಾಗಿದ ಉದ್ದ ಹುಲ್ಲು, ಎಲ್ಲೋ ದೂರದಲ್ಲಿ ಇರುವೆ ಥರ ಕಾಣೋ ನಾಲ್ಕು ಜನ ಗಾಲ್ಫ್ ಆಡೋರು. ಕೆಳಗೆ ಬರೆದಿದ್ದ: 'ಈ ಲೆವೆಲ್ಲಿಗೆ ಮಾಡ್ಬೇಕು ನೋಡ್ರಲೇ ನಮ್ಮೂರ್ನ.' ಐದು ನಿಮಿಷದಲ್ಲಿ ಹತ್ತೊಂಬತ್ತು ಹೆಬ್ಬೆಟ್ಟು ಬಿದ್ದವು.

ಆ ಜಾಗ ನನಗೆ ಗೊತ್ತು. ಅದು ಲಾಹಿಂಚ್. ಪ್ರಾಜೆಕ್ಟ್ ಮೇಲೆ ಡಬ್ಲಿನ್‌ನಲ್ಲಿ ಎಂಟು ತಿಂಗಳು ಇದ್ದಾಗ ನಾನೂ ಹೋಗಿದ್ದೆ. ಆದ್ದರಿಂದ ಆ ಫೋಟೊದಲ್ಲಿ ಏನಿದೆ ಅನ್ನೋದನ್ನು ಮೊದಲು ಹೇಳ್ತೀನಿ. ಹೆಬ್ಬೆಟ್ಟು ಒತ್ತಿದವರು ಅದನ್ನ ನೋಡಿಲ್ಲ, ಬರೀ ಬಣ್ಣ ನೋಡಿದ್ದಾರೆ.

ಲಾಹಿಂಚ್ ಐರ್ಲೆಂಡಿನ ಪಶ್ಚಿಮ ದಂಡೆಯಲ್ಲಿ, ಕ್ಲೇರ್ ಕೌಂಟಿಯಲ್ಲಿರೋ ಪುಟ್ಟ ಊರು. ಮೊಹರ್ ಬಂಡೆಗಳನ್ನು ನೋಡೋಕೆ ಹೋದ ಪ್ರವಾಸಿಗಳು ಟೀ ಕುಡಿಯೋಕೆ ಇಳಿಯೋ ಊರು. ನಾವೂ ಹಾಗೇ ಇಳಿದಿದ್ದು. ಊರಿಗೆ ಅಂಟಿಕೊಂಡೇ ಗಾಲ್ಫ್ ಕ್ಲಬ್. ಶುರುವಾಗಿದ್ದು 1892ರಲ್ಲಿ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಿಂದ ಓಲ್ಡ್ ಟಾಮ್ ಮಾರಿಸ್ ಬಂದು ಮೈದಾನದ ದಾರಿ ಗುರುತು ಹಾಕಿಕೊಟ್ಟ, ಮುಂದೆ 1927ರಲ್ಲಿ ಅಲಿಸ್ಟರ್ ಮೆಕೆಂಜಿ ಅನ್ನೋ ಇನ್ನೊಬ್ಬ ದೊಡ್ಡ ವಿನ್ಯಾಸಕಾರ ತಿದ್ದಿದ. ಗಾಲ್ಫ್ ಲೋಕದಲ್ಲಿ ಇವರಿಬ್ಬರ ಹೆಸರು ಅಂದ್ರೆ ನಮ್ಮಲ್ಲಿ ದೇವಸ್ಥಾನದ ಸ್ಥಪತಿಯ ಹೆಸರಿದ್ದಂಗೆ. ಅಲ್ಲಿ ಆಡೋಕೆ ನನಗೆ ಬರಲ್ಲ, ಬಂದಿದ್ರೂ ಆಡ್ತಿರಲಿಲ್ಲ. ಒಂದು ದಿನದ ಆಟಕ್ಕೆ ಕೊಡೋ ದುಡ್ಡಲ್ಲಿ ನಮ್ಮೂರಲ್ಲಿ ಎರಡು ಒಳ್ಳೇ ಮೇಕೆ ಬರ್ತವೆ. ಸುಮ್ನೆ ಅಂಚಲ್ಲಿ ನಿಂತು ನೋಡಿದೆ.

ನೋಡಿದ ಮೇಲೆ ತಿಳಿದಿದ್ದು ಏನಂದ್ರೆ, ಆ ಮೈದಾನದ ಹೆಚ್ಚುಗಾರಿಕೆ ಇರೋದೇ ಅಲ್ಲಿ ಮಾಡದೇ ಬಿಟ್ಟಿರೋದರಲ್ಲಿ. ದಿಬ್ಬ ಇದ್ದಲ್ಲಿ ದಿಬ್ಬ ಹಾಗೇ ಇದೆ. ನಾಲ್ಕನೇ ಹೋಲ್‌ಗೆ ಕ್ಲೊಂಡೈಕ್ ಅಂತ ಹೆಸರು, ಎದುರಿಗೆ ಮನೆಯೆತ್ತರದ ಮರಳುಗುಡ್ಡ. ಆಚೆ ಏನಿದೆ ಕಾಣೋದಿಲ್ಲ. ಅದನ್ನ ಜೆಸಿಬಿ ತಂದು ಸಮ ಮಾಡಿಲ್ಲ. ಗುಡ್ಡದ ಮೇಲೆ ಒಬ್ಬ ಆಳನ್ನು ನಿಲ್ಲಿಸಿದ್ದಾರೆ, ಆಚೆ ಜನ ಇಲ್ಲ ಅಂತ ಖಾತ್ರಿಯಾದ ಮೇಲೆ ಅವನು ಬಾವುಟ ತೋರಿಸ್ತಾನೆ, ಆಮೇಲೆ ಇವರು ಹೊಡೀತಾರೆ. ಮುಂದಿನ ಹೋಲ್ ಎರಡು ದಿಬ್ಬಗಳ ಸಂದಿಯಲ್ಲಿ ಅಡಗಿದೆ. ಗುರಿ ಗೊತ್ತಾಗಲಿ ಅಂತ ದಿಬ್ಬದ ಮೇಲೆ ಒಂದು ಬಿಳಿ ಕಲ್ಲು ಇಟ್ಟಿದ್ದಾರೆ. ಅಷ್ಟೇ ಅವರ 'ಡೆವಲಪ್‌ಮೆಂಟ್': ಒಂದು ಬಾವುಟ, ಒಂದು ಬಿಳಿ ಕಲ್ಲು.

ಆಮೇಲೆ ಮೇಕೆಗಳು. ಲಾಹಿಂಚ್ ಕ್ಲಬ್ಬಿನ ಲಾಂಛನವೇ ಮೇಕೆ. ಮೊದಲಿಂದಲೂ ಆ ದಿಬ್ಬಗಳಲ್ಲಿ ಮೇಕೆ ಮೇಯ್ತಿದ್ವು. ಹವಾ ಚೆನ್ನಾಗಿದ್ರೆ ದೂರದ ದಿಬ್ಬಕ್ಕೆ ಹೋಗೋವು, ಮಳೆ ಬರೋ ಹಂಗಿದ್ರೆ ಕ್ಲಬ್ಬಿನ ಗೋಡೆ ಪಕ್ಕ ಬಂದು ನಿಲ್ಲೋವು. ಕ್ಲಬ್ಬಿನ ಹವಾಮಾಪಕ ಕೆಟ್ಟಾಗ ಅದರ ಮೇಲೆ 'ಮೇಕೆಗಳನ್ನು ನೋಡಿ' ಅಂತ ಚೀಟಿ ಅಂಟಿಸಿದ್ರಂತೆ. ಇದು ಅಲ್ಲಿ ಎಲ್ಲರೂ ಹೇಳೋ ಕಥೆ. ನಮ್ಮ ಗುಂಪಿನ ಪ್ಲ್ಯಾನಿನಲ್ಲಿ ಬೇಲಿಯ ಉದ್ದೇಶ ಅಂತ ಬರೆದಿರೋ ಮೊದಲನೇ ಸಾಲು ಏನು ಗೊತ್ತಾ? 'ದನ, ಕುರಿ, ಮೇಕೆಗಳು ಒಳಗೆ ಬಾರದಂತೆ ತಡೆಯುವುದು.'

ಸಮುದ್ರದಂಡೆಯ ಇಂಥ ಗಾಲ್ಫ್ ಮೈದಾನಕ್ಕೆ ಲಿಂಕ್ಸ್ ಅಂತಾರೆ. ನಾವು ಕ್ಲಿಕ್ ಮಾಡೋ ಲಿಂಕಿಗೂ ಇದಕ್ಕೂ ಸಂಬಂಧ ಇಲ್ಲ. ದಿಬ್ಬ, ಏರು ಅನ್ನೋ ಅರ್ಥದ ಹಳೇ ಇಂಗ್ಲಿಷ್ ಪದದಿಂದ ಬಂದಿದ್ದು. ಕಡಲಿಗೂ ಹೊಲಕ್ಕೂ ನಡುವಿನ ಮರಳು ನೆಲ. ಬಿತ್ತಿದ್ರೆ ಬೆಳೆ ಬರಲ್ಲ, ಉಪ್ಪುಗಾಳಿ. ಒಕ್ಕಲುತನಕ್ಕೆ ಬಾರದ ನೆಲ ಆದ್ದರಿಂದ ಊರಿನ ಕುರಿ ಮೇಯೋಕೆ, ಬಟ್ಟೆ ಒಣಗಿಸೋಕೆ, ಹುಡುಗರು ಆಡೋಕೆ ಅಂತ ಬಿಟ್ಟಿದ್ರು. ನೀರು ನಿಲ್ಲದ ಮರಳು, ಬಡ ಮಣ್ಣು, ಅದಕ್ಕೇ ಹುಲ್ಲು ಸಣ್ಣಗೆ ಗಿಡ್ಡಕ್ಕೆ ಬೆಳೀತಿತ್ತು. ಅದನ್ನ ಕುರಿ, ಮೊಲ ಮೇಯ್ದು ನುಣ್ಣಗೆ ಮಾಡ್ತಿದ್ವು. ಗಾಲ್ಫ್ ಮೈದಾನದಲ್ಲಿ ಮರಳಿನ ಗುಂಡಿ ಇರ್ತಾವಲ್ಲ, ಬಂಕರ್ ಅಂತಾರೆ, ಅವು ಗಾಳಿಗೆ ಹೆದರಿದ ಕುರಿಗಳು ಒತ್ತೊತ್ತಾಗಿ ಮಲಗಿ ಮಲಗಿ ಆದ ಗುಂಡಿಗಳಿಂದಲೇ ಹುಟ್ಟಿದ್ದು ಅಂತ ಹೇಳ್ತಾರೆ. ಅಂದ್ರೆ ಲಾನ್ ಹಾಕಿದ್ದು ಯಾರೂ ಅಲ್ಲ, ಕುರಿ. ಜಗತ್ತಿನ ಶ್ರೀಮಂತರು ವಿಮಾನ ಹತ್ತಿ ಬಂದು ಆಡೋ ಆ ಹಸಿರು, ಮೂಲದಲ್ಲಿ ಒಂದು ಗೋಮಾಳ.

ಅದನ್ನ ಗೋಮಾಳವಾಗಿ ಉಳಿಸಿಕೊಳ್ಳೋಕೆ ಅವರೂ ಜಗಳ ಆಡಿದ್ದಾರೆ. ಗಾಲ್ಫಿನ ತವರು ಅಂತಾರಲ್ಲ ಸೇಂಟ್ ಆಂಡ್ರ್ಯೂಸ್, ಅಲ್ಲಿ 1552ರಲ್ಲೇ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಬರೆದುಕೊಟ್ಟ ಸನ್ನದು ಇದೆ: ಈ ಬಯಲಲ್ಲಿ ಗಾಲ್ಫೂ ಸೇರಿದಂತೆ ಆಟ ಆಡೋ ಹಕ್ಕು ಊರಿನ ಜನರದ್ದು ಅಂತ. ಹದಿನೆಂಟನೇ ಶತಮಾನದ ಕೊನೆಗೆ ಊರಿನ ಕೌನ್ಸಿಲ್ಲು ಸಾಲಕ್ಕೆ ಸಿಕ್ಕಿ ಜಾಗ ಕೈಬಿಟ್ಟಿತು. ಮೊಲ ಸಾಕೋ ವ್ಯಾಪಾರಿಗಳು ಬಂದು ಬಯಲನ್ನೆಲ್ಲ ಮೊಲದ ಬಿಲ ಮಾಡಿದರು. ಇಪ್ಪತ್ತು ವರ್ಷದ ಮೇಲೆ ಕೋರ್ಟು, ಕಚೇರಿ, ಹೊಡೆದಾಟ. ಕೊನೆಗೆ 1894ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕ ಅದು ಮತ್ತೆ ಊರಿನ ಆಸ್ತಿಯಾಯ್ತು. ಇವತ್ತಿಗೂ ಭಾನುವಾರ ಅಲ್ಲಿನ ಓಲ್ಡ್ ಕೋರ್ಸ್‌ನಲ್ಲಿ ಆಟ ಬಂದ್. ಊರಿನವರು ನಾಯಿ ಕರ್ಕೊಂಡು ಅದರ ಮೇಲೇ ಓಡಾಡ್ತಾರೆ.

ಎಲ್ಲ ಕಡೆ ಹೀಗಿಲ್ಲ, ಅದನ್ನೂ ಹೇಳ್ಬೇಕು. ಐರ್ಲೆಂಡಿನಲ್ಲೇ ದಕ್ಷಿಣಕ್ಕೆ ಓಲ್ಡ್ ಹೆಡ್ ಆಫ್ ಕಿನ್ಸೇಲ್ ಅಂತ ಒಂದು ಭೂಶಿರ. ಮುಂಚೆ ಜನ ಬಂಡೆ ಅಂಚಿನ ತನಕ ನಡೆದು ಹೋಗ್ತಿದ್ರು. 1997ರಲ್ಲಿ ಅಲ್ಲಿ ಗಾಲ್ಫ್ ಲಿಂಕ್ಸ್ ತೆರೆಯಿತು. ಸಾರ್ವಜನಿಕರಿಗೆ ದಾರಿ ಬಿಡಬೇಕು ಅನ್ನೋ ಷರತ್ತಿತ್ತು. ಆ ಷರತ್ತು ಸುಪ್ರೀಂ ಕೋರ್ಟಿನಲ್ಲಿ 2003ರಲ್ಲಿ ಬಿದ್ದುಹೋಯ್ತು. ಈಗ ಗೇಟು, ಕಾವಲುಗಾರ. ಜನ ಪಿಕ್‌ನಿಕ್ ಬುಟ್ಟಿ ಹಿಡ್ಕೊಂಡು ಬೇಲಿ ಹಾರಿ ಪ್ರತಿಭಟನೆ ಮಾಡಿದ್ರು, ಏನೂ ಆಗಲಿಲ್ಲ. ಅಷ್ಟು ದೂರ ಯಾಕೆ, ಬೆಂಗಳೂರಲ್ಲಿ ನಮ್ಮ ಆಫೀಸುಗಳ ಕಿಟಕಿಯಿಂದ ಕಾಣೋ ಚಲ್ಲಘಟ್ಟದ ಗಾಲ್ಫ್ ಮೈದಾನ ಇದೆಯಲ್ಲ, ಅಲ್ಲಿ ಹಿಂದೆ ಚಲ್ಲಘಟ್ಟದ ಕೆರೆ ಇತ್ತು. ಕೆಳಗಿನ ಬೆಳ್ಳಂದೂರಿನ ಸ್ಥಿತಿಗೆ ನಾವು ಮೂಗು ಮುಚ್ಕೊಳ್ತೀವಿ, ಮೇಲಿನ ಕೆರೆ ಎಲ್ಲಿ ಹೋಯ್ತು ಅಂತ ಕೇಳಲ್ಲ. ವ್ಯೂ ಚೆನ್ನಾಗಿದೆ.

ಈಗ ನಮ್ಮ ಕಡೆಗೆ ಬರ್ತೀನಿ. ನಮ್ಮ ಹುಡುಗರು ಗೋಮಾಳದ ಬಗ್ಗೆ ಮಾತಾಡುವಾಗ ಮತ್ತೆ ಮತ್ತೆ ಬಳಸೋ ಮಾತು 'ಖಾಲಿ ಜಾಗ'. ಈ ಮಾತು ಅವರದ್ದಲ್ಲ, ಕಂದಾಯ ಇಲಾಖೆಯದ್ದು. ಕಂದಾಯ ಬಾರದ ನೆಲ ಬ್ರಿಟಿಷರ ಲೆಕ್ಕದಲ್ಲಿ 'ವೇಸ್ಟ್'. ನಮ್ಮ ಪಹಣಿಯಲ್ಲಿ ಇವತ್ತಿಗೂ 'ಖರಾಬು' ಅಂತ ಒಂದು ಕಾಲಂ ಇದೆ. ಪದದ ಅರ್ಥವೇ ಕೆಟ್ಟದ್ದು ಅಂತ. 'ಬಿ ಖರಾಬು' ಅಂದ್ರೆ ಸಾರ್ವಜನಿಕರಿಗೆ ಬಿಟ್ಟಿದ್ದು: ದಾರಿ, ಹಳ್ಳ, ಸ್ಮಶಾನ. ಎಲ್ಲರಿಗೂ ಸೇರಿದ್ದನ್ನ ನಾವು ಕಾಗದದ ಮೇಲೆ ಕೆಟ್ಟದ್ದು ಅಂತ ಬರೆದುಕೊಂಡಿದ್ದೀವಿ. 1985ರಲ್ಲಿ ಕೇಂದ್ರ ಸರ್ಕಾರ ಪಾಳುಭೂಮಿ ಅಭಿವೃದ್ಧಿ ಮಂಡಳಿಯನ್ನೇ ಮಾಡ್ತು. ಮರ ಇಲ್ಲದ ಬಯಲು ಕಂಡ್ರೆ ಸರ್ಕಾರಕ್ಕೆ ಕೈ ಕಡಿಯುತ್ತೆ, ಏನಾದ್ರೂ ನೆಡ್ಬೇಕು.

ಹರಿಹರದವರಿಗೆ ಇದನ್ನ ಯಾರೂ ಪಾಠ ಮಾಡೋದು ಬೇಡ. ತುಂಗಭದ್ರಾ ಸೇತುವೆ ದಾಟಿದ್ರೆ ಕುಮಾರಪಟ್ಟಣ, ಹರಿಹರ ಪಾಲಿಫೈಬರ್ಸ್ ಕಾರ್ಖಾನೆ. ರೇಯಾನ್ ನೂಲಿಗೆ ಬೇಕಾದ ತಿರುಳನ್ನು ನೀಲಗಿರಿ ಮರದಿಂದ ತೆಗೀತಾರೆ. ಆ ಮರ ಬೆಳೆಯೋಕೆ 1984ರಲ್ಲಿ ಸರ್ಕಾರದ ಕಡೆಯವರೂ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಅಂತ ಜಂಟಿ ಸಂಸ್ಥೆ ಮಾಡಿದ್ರು. ಸುಮಾರು 30,000 ಹೆಕ್ಟೇರ್, ಅಂದ್ರೆ ಮುಕ್ಕಾಲು ಲಕ್ಷ ಎಕರೆ ಹಳ್ಳಿಗಳ ಸಾಮೂಹಿಕ ಭೂಮಿಯನ್ನು ಅದಕ್ಕೆ ಕೊಡೋ ಏರ್ಪಾಡು. ದನ ಮೇಯೋ ಜಾಗ, ಸೌದೆ ತರೋ ಜಾಗ. ಕಾಗದದಲ್ಲಿ ಅದೂ 'ಖಾಲಿ'ಯೇ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹಳ್ಳಿ ಹಳ್ಳಿ ತಿರುಗಿತು. ಶಿವರಾಮ ಕಾರಂತರೂ ಜೊತೆಗೂಡಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ಕಡೆಯ ಕುಸನೂರಿನಲ್ಲಿ ಜನ ಸೇರಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಮಾಡಿದ್ರು. ನೀಲಗಿರಿ ಸಸಿ ಕಿತ್ತು, ತಮಗೆ ಉಪಯೋಗಕ್ಕೆ ಬರೋ ಸಸಿ ನೆಟ್ರು. 1991ರ ಹೊತ್ತಿಗೆ ಕಂಪನಿ ಮುಚ್ಚಬೇಕಾಯ್ತು. ಕುಸನೂರಿನ ಆ ಜನರಲ್ಲಿ ಎಷ್ಟು ಮಂದಿ ಶಾಲೆ ಮೆಟ್ಟಿಲು ಹತ್ತಿದ್ರೋ. ನಾವು ಇಪ್ಪತ್ತಾರು ಜನ ಬಿಇ, ಎಂಬಿಎ, ಒಬ್ಬ ಚಾರ್ಟರ್ಡ್ ಅಕೌಂಟೆಂಟು. ಆ ಜನ ಕಂಪನಿ ಕೈಯಿಂದ ಬಿಡಿಸಿಕೊಂಡಂಥ ನೆಲವನ್ನ ನಾವು ಸ್ವಂತ ದುಡ್ಡು ಹಾಕಿ ಬೇಲಿಯೊಳಗೆ ಇಡೋಕೆ ಹೊರಟಿದ್ದೀವಿ.

ಇನ್ನೂ ಒಂದು ಉದಾಹರಣೆ ಪಕ್ಕದಲ್ಲೇ ಇದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ, 1974ರಲ್ಲಿ ಆಗಿದ್ದು, 119 ಚದರ ಕಿಲೋಮೀಟರ್. ಕೃಷ್ಣಮೃಗಕ್ಕೆ ಬೇಕಾಗಿದ್ದು ಬಯಲು, ಹುಲ್ಲು, ದೂರದ ತನಕ ಕಾಣೋ ನೋಟ. ನಾವು ಅಲ್ಲಿ ತುಂಬಿಸಿದ್ದು ನೀಲಗಿರಿ. ಎರೆಭೂತ ಅಂತ ಕರೀತಿದ್ದ ದೊಡ್ಡ ಹಕ್ಕಿ ಅದೇ ಬಯಲಲ್ಲಿ ಓಡಾಡ್ತಿತ್ತು. ಹುಲ್ಲು ಹೋಯ್ತು, ಅದೂ ಹೋಯ್ತು. ದಾವಣಗೆರೆಯಲ್ಲಿ ಬಿಇ ಓದುವಾಗ ಹುಬ್ಬಳ್ಳಿ ಬಸ್ಸಿನ ಕಿಟಕಿಯಿಂದ ಆ ಕಡೆಯ ನೀಲಗಿರಿ ನೋಡಿ 'ಎಂಥಾ ಹಸಿರು ಗುರೂ' ಅಂತಿದ್ದ ಗೆಳೆಯನೇ ಈಗ ನಮ್ಮ ಲಾನ್ ಕಮಿಟಿಯ ಅಧ್ಯಕ್ಷ.

ಲಾನ್ ಲೆಕ್ಕ ಹೇಳಿಬಿಡ್ತೀನಿ, ನಾವೆಲ್ಲ ಎಂಜಿನಿಯರುಗಳು ತಾನೆ. ಎರಡು ಎಕರೆ ಅಂದ್ರೆ ಸುಮಾರು 8,000 ಚದರ ಮೀಟರ್. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಅಂತ ಹಿಡಿದ್ರೂ 40 ಸಾವಿರ ಲೀಟರ್. ದಿನಾ ಎಂಟು ಸಾವಿರ ಲೀಟರಿನ ಐದು ಟ್ಯಾಂಕರ್. ಐರ್ಲೆಂಡಿನ ಪಶ್ಚಿಮ ದಂಡೆಗೆ ಅಟ್ಲಾಂಟಿಕ್ ಸಾಗರವೇ ವರ್ಷವಿಡೀ ಟ್ಯಾಂಕರ್ ಓಡಿಸುತ್ತೆ, ಬಿಲ್ ಕೇಳಲ್ಲ. ನಮಗೆ ವರ್ಷಕ್ಕೆ 600 ಚಿಲ್ಲರೆ ಮಿಲಿಮೀಟರ್ ಮಳೆ, ಅದೂ ಮನಸ್ಸು ಬಂದ್ರೆ. ನಮ್ಮೂರ ಗೋಮಾಳ ಇರೋದು ಭದ್ರಾ ಕಾಲುವೆಯ ಮೇಲ್ಗಡೆ. ಕೆಳಗಿನವರಿಗೆ ಭತ್ತ, ಮೇಲಿನವರಿಗೆ ಬೋರ್‌ವೆಲ್. ಮೇಲ್ಗಡೆಯವರು ಬೇಸಿಗೆಯಲ್ಲಿ ಕೊಡ ಹಿಡ್ಕೊಂಡು ಸಾಲಲ್ಲಿ ನಿಂತಿರುವಾಗ ನಾವು ಹುಲ್ಲಿಗೆ ಸ್ಪ್ರಿಂಕ್ಲರ್ ಬಿಟ್ಟು ಸೆಲ್ಫಿ ತಗೋಬೇಕು. ಅದೂ ದನ ಮೇಯಬಾರದ ಹುಲ್ಲಿಗೆ.

ಅಲ್ಲಿ ಈಗ ಏನೂ ಇಲ್ಲ ಅಂತಾರಲ್ಲ, ಏನಿದೆ ಹೇಳ್ತೀನಿ. ಮುಂಗಾರಿನ ಎರಡು ಮಳೆ ಬಿದ್ದ ಮೇಲೆ ಗರಿಕೆ, ಕರಡ, ಹೆಸರು ಗೊತ್ತಿಲ್ಲದ ಇನ್ನೂ ಎಷ್ಟೋ ಹುಲ್ಲು ಏಳ್ತಾವೆ. ಯಾರೂ ನೆಟ್ಟಿದ್ದಲ್ಲ, ಯಾರೂ ನೀರು ಹಾಯಿಸಿದ್ದಲ್ಲ. ಕಾರೆ ಗಿಡ, ಕವಳೆ ಗಿಡ ಇವೆ. ತಂಗಡಿ ಹೂ ಬಿಟ್ಟಾಗ ಇಡೀ ದಿಬ್ಬ ಹಳದಿ. ಸುಗ್ಗಿ ಮುಗಿದ ಮೇಲೆ ದೂರದಿಂದ ಕುರುಬರು ಹಿಂಡು ಹೊಡ್ಕೊಂಡು ಬರ್ತಾರೆ. ಹಗಲು ಗೋಮಾಳದಲ್ಲಿ ಮೇಯಿಸಿ ರಾತ್ರಿ ಯಾರದ್ದಾದ್ರೂ ಹೊಲದಲ್ಲಿ ಮಂದೆ ನಿಲ್ಲಿಸ್ತಾರೆ. ಹೊಲಕ್ಕೆ ಗೊಬ್ಬರ, ಅವರಿಗೆ ಕಾಳು, ದುಡ್ಡು. ಗೋಮಾಳ ಬಂದ್ ಆದ್ರೆ ಹಿಂಡು ನಮ್ಮೂರಿಗೆ ನಿಲ್ಲಲ್ಲ, ಗೊಬ್ಬರವನ್ನ ಮೂಟೆ ಲೆಕ್ಕದಲ್ಲಿ ತರಬೇಕು. ಜಮೀನಿಲ್ಲದ ಮನೆಗಳಲ್ಲಿ ಮೂರು ನಾಲ್ಕು ಮೇಕೆ ಇರ್ತಾವಲ್ಲ, ಅವು ಮನೆಯ ಎಟಿಎಂ. ಆಸ್ಪತ್ರೆ ಖರ್ಚು ಬಂದ್ರೆ ಒಂದು ಮಾರ್ತಾರೆ, ಮಗಳ ಫೀಸಿಗೆ ಇನ್ನೊಂದು. ಆ ಮೇಕೆ ಮೇಯೋದು ನಮ್ಮ ಹೊಲದಲ್ಲಲ್ಲ, ಬಿಡೋದೂ ಇಲ್ಲ ನಾವು.

ನಮ್ಮ ಬೆಣ್ಣೆ ದೋಸೆ ಹೆಮ್ಮೆ ಬಗ್ಗೆಯೂ ಒಂದು ಮಾತು. ಬೆಣ್ಣೆಗೆ ಎಮ್ಮೆ ಬೇಕು, ಎಮ್ಮೆಗೆ ಮೇಯೋಕೆ ಜಾಗ ಬೇಕು. ಊರಿನ ಎಲ್ಲ ಜಾಗಕ್ಕೂ ಬೇಲಿ ಹಾಕಿ ದೋಸೆ ಮೇಲೆ ಬೆಣ್ಣೆ ಜಾಸ್ತಿ ಹಾಕಣ್ಣಾ ಅಂದ್ರೆ ಎಲ್ಲಿಂದ ತರ್ತಾನೆ ಅವನು?

ಕಾನೂನು ಬೇಕು ಅನ್ನೋರಿಗೆ ಕಾನೂನು. ಕರ್ನಾಟಕ ಭೂಕಂದಾಯ ನಿಯಮಗಳು 1966, ನಿಯಮ 97: ನೂರು ದನಕ್ಕೆ 12 ಹೆಕ್ಟೇರ್, ಅಂದ್ರೆ ಸುಮಾರು 30 ಎಕರೆ ಉಚಿತ ಹುಲ್ಲುಗಾವಲು ಕಾದಿಡಬೇಕು. ನಮ್ಮೂರಲ್ಲಿ ದನ ಎಮ್ಮೆ ಸೇರಿ 140 ಇವೆ, ಹೋದ ಸಲ ಊರಿಗೆ ಹೋದಾಗ ಮನೆ ಮನೆ ತಿರುಗಿ ಎಣಿಸಿದ್ದೇನೆ. ಅಂದ್ರೆ 42 ಎಕರೆ ಇರಬೇಕು. ಇರೋದು 11. ಉಳಿದಿದ್ದೆಲ್ಲ ಸ್ವಲ್ಪ ಸ್ವಲ್ಪವೇ ಒತ್ತುವರಿ, ಬಗರ್ ಹುಕುಂ, ಸೈಟು ಅಂತ ಹೋಗಿದೆ. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರಿನ ಸಾಮೂಹಿಕ ಜಾಗಗಳ ಒತ್ತುವರಿ ತೆರವು ಮಾಡಿಸಿ ಗ್ರಾಮಸ್ಥರ ಬಳಕೆಗೆ ವಾಪಸ್ ಕೊಡಬೇಕು, ಅದಕ್ಕೆ ಯೋಜನೆ ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿದೆ. ಇಷ್ಟೆಲ್ಲ ಹೋದ ಮೇಲೆ ಉಳಿದ 11 ಎಕರೆಯನ್ನ ಒಳ್ಳೇ ಮನಸ್ಸಿನವರು ಬಂದು ಮುಗಿಸಬೇಕಾ?

ಗುಂಪಲ್ಲಿ ಬಂದ ಉತ್ತರಗಳನ್ನೂ ಬರೀತೀನಿ. 'ಬೇಲಿ ಹಾಕದಿದ್ರೆ ಒತ್ತುವರಿ ಆಗುತ್ತೆ.' ಈ ಮಾತಲ್ಲಿ ಹುರುಳಿದೆ, ಬರೀ ನೆಪ ಅಲ್ಲ. ಒತ್ತುವರಿ ತಡೆಯೋಕೆ ಸರ್ವೆ ಮಾಡಿಸಿ, ಹದ್ದುಬಸ್ತು ಮಾಡಿಸಿ, ಮೂಲೆಗೆ ಕಲ್ಲು ನೆಡಿಸಿ, ಪಂಚಾಯ್ತಿ ಗೋಡೆ ಮೇಲೆ ನಕ್ಷೆ ಬರೆಸಿ. ಎಲ್ಲೆ ಕಲ್ಲು ದನಕ್ಕೆ ಅಡ್ಡ ಬರಲ್ಲ, ಒತ್ತುವರಿದಾರನಿಗೆ ಬರುತ್ತೆ. ಚೈನ್‌ಲಿಂಕ್ ಬೇಲಿಯದ್ದು ಉಲ್ಟಾ. 'ಕುಡುಕರು ಬಾಟಲಿ ಒಡೆದು ಹಾಕ್ತಾರೆ.' ಹೌದು, ಹಾಕ್ತಾರೆ. ದಾವಣಗೆರೆಯ ಕಾಂಪೌಂಡ್ ಇರೋ ಪಾರ್ಕುಗಳಲ್ಲಿ ಹಾಕಲ್ವಾ? 'ಈಗ ಯಾರಪ್ಪಾ ದನ ಸಾಕ್ತಾರೆ.' ನಿಮ್ಮನೆಯಲ್ಲಿ ಇಲ್ಲ, ಒಪ್ಪಿದೆ. 140 ಅಂತ ಆಗಲೇ ಹೇಳಿದೆ. 'ಹಿರಿಯರಿಗೆ ವಾಕಿಂಗ್ ಜಾಗ ಬೇಕು.' ನಮ್ಮಪ್ಪ ದಿನಾ ಬೆಳಗ್ಗೆ ಅದೇ ಗೋಮಾಳದಲ್ಲಿ ಎರಡು ಸುತ್ತು ಹಾಕ್ತಾರೆ, ಇಂಟರ್‌ಲಾಕ್ ಇಲ್ಲದೇನೇ. 'ನೀನು ಬೆಂಗಳೂರಲ್ಲಿ ಕೂತ್ಕೊಂಡು ಮಾತಾಡ್ತೀಯ' ಅಂತ ಅಂದವನು ಇರೋದು ಪುಣೆಯಲ್ಲಿ.

ಹಾಗಂತ ಗೋಮಾಳ ಈಗ ಚೆನ್ನಾಗಿದೆ ಅಂತಲ್ಲ. ಬಳ್ಳಾರಿ ಜಾಲಿ ಒಂದೂವರೆ ಎಕರೆ ನುಂಗಿದೆ, ಅದನ್ನ ಬೇರು ಸಮೇತ ತೆಗೆಸಬೇಕು. ದನ ಕುಡಿಯೋಕೆ ಸಿಮೆಂಟ್ ತೊಟ್ಟಿ ಬೇಕು, ಇದ್ದಿದ್ದು ಒಡೆದಿದೆ. ಮೊದಲ ಮಳೆ ಆದ ಮೇಲೆ ಹುಲ್ಲು ಏಳೋ ತನಕ ಮೂರು ನಾಲ್ಕು ವಾರ ಒಂದು ಭಾಗದಲ್ಲಿ ಮೇಯಿಸಬೇಡಿ ಅಂತ ಊರವರೇ ಕೂತು ಮಾತಾಡಿಕೊಳ್ಳಬಹುದು. ಹಿಂದೆ ಮಾತಾಡಿಕೊಳ್ತಿದ್ರು, ಡಂಗುರ ಸಾರ್ತಿದ್ರು. ಇದಕ್ಕೆಲ್ಲ ನಮ್ಮ ಆರೂವರೆ ಲಕ್ಷದಲ್ಲಿ ಅರ್ಧವೂ ಖರ್ಚಾಗಲ್ಲ. ತೊಂದರೆ ಏನಂದ್ರೆ, ತೊಟ್ಟಿ ಕಟ್ಟಿಸಿದ್ರೆ ಗ್ರಾನೈಟ್ ಕಲ್ಲಿಗೆ ಜಾಗ ಸಿಗಲ್ಲ. ತೊಟ್ಟಿ ಮೇಲೆ ಹೆಸರು ಬರೆದ್ರೆ ಎಮ್ಮೆ ನೆಕ್ಕುತ್ತೆ.

ಹೋದ ತಿಂಗಳು ಊರಿಗೆ ಹೋದಾಗ ನಾಲ್ಕು ಆಡು ಮೇಯಿಸ್ತಿದ್ದ ಅಜ್ಜಿ ನನ್ನ ನಿಲ್ಲಿಸಿ ಕೇಳಿದ್ಲು: 'ಏನ್ ತಮ್ಮಾ, ನೀವೆಲ್ಲಾ ಸೇರ್ಕೆಂಡು ಗೇಟ್ ಹಾಕಸ್ತೀರಂತಲ್ಲ. ನನ್ನ ಆಡಿಗೂ ಟಿಕೀಟ್ ಐತೇನು?' ನಗ್ತಾ ಕೇಳಿದ್ಲು. ಪ್ಲ್ಯಾನ್ ಮಾಡೋವಾಗ ನಮ್ಮಲ್ಲಿ ಒಬ್ಬರೂ ಅವಳನ್ನಾಗಲಿ, ಕುರಿ ಹಿಂಡಿನವರನ್ನಾಗಲಿ ಒಂದು ಮಾತು ಕೇಳಿಲ್ಲ. ಗ್ರಾಮಸಭೆಯಲ್ಲಿ ಇಟ್ಟಿಲ್ಲ. ಅಟ್ಲಾಂಟಿಕ್ ದಂಡೆಯ ಫೋಟೊ ಹಾಕಿ ಹೆಬ್ಬೆಟ್ಟು ಎಣಿಸಿದ್ದೀವಿ.

ಬೇಲಿಗೆ ನನ್ನ 25 ಸಾವಿರ ಕೊಡಲ್ಲ. ಸರ್ವೆ ಶುಲ್ಕ, ಎಲ್ಲೆ ಕಲ್ಲು, ತೊಟ್ಟಿಗೆ ಅಂದ್ರೆ ನಾಳೆಯೇ ಹಾಕ್ತೀನಿ, ಬೇಕಾದ್ರೆ ಎರಡು ಕಂತು ಒಟ್ಟಿಗೇ. ಇದನ್ನ ಗುಂಪಲ್ಲಿ ಬರೆದು, ಕೆಳಗೆ ಇನ್ನೊಂದು ಪ್ರಶ್ನೆ ಹಾಕಿದ್ದೆ: ಗೇಟಿನ ಬೀಗದ ಕೈ ಯಾರ ಹತ್ರ ಇರುತ್ತೆ, ಎಷ್ಟು ಹೊತ್ತಿಗೆ ತೆಗೀತಾರೆ, ಎಷ್ಟು ಹೊತ್ತಿಗೆ ಹಾಕ್ತಾರೆ? ಹದಿನಾರು ದಿನ ಆಯ್ತು. ಇಪ್ಪತ್ತೈದು ಜನವೂ ಓದಿದ್ದಾರೆ, ನೀಲಿ ಟಿಕ್ ಬಿದ್ದಿದೆ.